ಹಳೆಯ ಧ್ವನಿವರ್ಧಕಗಳ ಸ್ವರಶುದ್ಧಿ

ಸಾಹಿತ್ಯ, ಚರಿತ್ರೆ, ಅರ್ಥಶಾಸ್ತ್ರಗಳನ್ನು ಓದುವವರ ಸಂಚಿಕೆಯಲ್ಲಿ ಧ್ವನಿವರ್ಧಕದ ರಿಪೇರಿಯ ಮಾತೇಕೆ ಎಂದು ವಾಚಕರು ಹುಬ್ಬೇರಿಸಬಹುದು. ಆದರೆ ನಮ್ಮಲ್ಲಿ ಕಛೇರಿಗೆ ಹೋಗಿ ಕುಳಿತು ಸಂಗೀತ ಕೇಳುವವರಿಗಿಂತ ಮನೆಯಲ್ಲಿ ಯಂತ್ರದ ಮೂಲಕ ಕೇಳುವವರೇ ಹೆಚ್ಚು. ಆದಕಾರಣ ಆ ಯಂತ್ರದ ಕೊನೆಯ ಕೊಂಡಿಯಾದ ಧ್ವನಿವರ್ಧಕದ ಗುಣದೋಷಗಳನ್ನು ಅರಿಯುವುದು ರಸಿಕರಿಗೂ ಸಂಬಂಧಪಟ್ಟ ವಿಷಯವೇ ಸರಿ. ಐವತ್ತು ವರ್ಷಗಳ ಹಿಂದೆ ಬಹಳ ಹಣ ತೆತ್ತು ಕೊಂಡ ಉತ್ತಮ ಧ್ವನಿವರ್ಧಕಗಳು ಈಗ ಕೆಲವು ಮನೆಗಳಲ್ಲಿ ಹೂದಾನಿ ಇಡುವ ಪೀಠಗಳಾಗಿವೆ. ಅವು ಪೂರ್ತಿ ಕೆಟ್ಟಿವೆ ಎಂದಲ್ಲ. 'ಯಾಕೋ ಮೊದಲಿನ ಹಾಗೆ ಕೇಳುವುದಿಲ್ಲ' ಎಂಬುದೊಂದೇ ದೂರು. ಈ 'ಯಾಕೋ' ಎಂಬುದಕ್ಕೆ ಕಾರಣಗಳು ಬೆರಳೆಣಿಕೆಯಷ್ಟೇ ಇವೆ. ಎಲ್ಲ ಬಗೆಯ ಧ್ವನಿವರ್ಧಕಗಳ ವಿಚಾರ ಹೇಳಹೊರಟರೆ ಸಂಚಿಕೆಯೇ ಸಾಲದು. ನಾನು ಬಿಚ್ಚಿ ನೋಡಿದ ಒಂದು ಜೊತೆಯನ್ನೇ ಹಿಡಿದು ಹೇಳುತ್ತೇನೆ.

ಅದರ ಹೆಸರು ಎ.ಆರ್.-3ಎ. ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದ ಕೇಂಬ್ರಿಜ್ ಊರಿನಲ್ಲಿ 1954ರಲ್ಲಿ ಎಡ್ಗರ್ ವಿಲ್ಚರ್ ಮತ್ತು ಹೆನ್ರಿ ಕ್ಲಾಸ್ ಎಂಬಿಬ್ಬರು ಆರಂಭಿಸಿದ ಅಕೌಸ್ಟಿಕ್ ರಿಸರ್ಚ್ ಎಂಬ ಕಂಪನಿ ಇದನ್ನು 1967ರಲ್ಲಿ ಮಾರುಕಟ್ಟೆಗೆ ತಂದಿತು. ಇದರ ಹಿಂದಿನ ಮಾದರಿಯಾದ ಎ.ಆರ್.-3 ಅನ್ನು ವೇದಿಕೆಯ ಮೇಲೆ ಇಟ್ಟು, ಪಕ್ಕದಲ್ಲಿ ನಾಲ್ವರು ತಂತಿವಾದ್ಯಗಾರರ ತಂಡವನ್ನು ಕೂರಿಸಿ, ನಡುನಡುವೆ ಅವರು ಕಮಾನನ್ನು ತಂತಿಗೆ ತಾಗಿಸದೆ ಆಡಿಸುತ್ತಿರುವಾಗ ಮುದ್ರಿತ ಧ್ವನಿಯನ್ನು ಕೇಳಿಸುವ ಪ್ರದರ್ಶನಗಳನ್ನು ಕಂಪನಿ ನಡೆಸುತ್ತಿತ್ತು. ವಾದನ ಎಲ್ಲಿ ನಿಂತಿತು, ಯಂತ್ರ ಎಲ್ಲಿ ಆರಂಭವಾಯಿತು ಎಂಬುದು ಸಭಿಕರಲ್ಲಿ ಅನೇಕರಿಗೆ ತಿಳಿಯುತ್ತಿರಲಿಲ್ಲವಂತೆ. ಇಂತಹ ಒಂದು ಜೊತೆಯನ್ನು ನಮ್ಮ ತಾತನವರ ತಮ್ಮ, ನಾವೆಲ್ಲ ಚಿಕ್ಕತಾತ ಎಂದು ಕರೆಯುವವರು, ಓದು ಮುಗಿಸಿ ಬಾಸ್ಟನ್ನಿನಿಂದ ಹಿಂದಿರುಗುವಾಗ ಹಡಗಿನಲ್ಲಿ ತಂದಿದ್ದರು. ಒಂದೊಂದೂ ಸುಮಾರು 24 ಕಿಲೋ ತೂಕ. ಅವರ ಸಾಮಾನಿನಲ್ಲಿ ಪುಸ್ತಕಗಳಿಗೆ ಜಾಗ ಹೇಗೆ ಸಿಕ್ಕಿತೋ ದೇವರೇ ಬಲ್ಲ.

ಪೆಟ್ಟಿಗೆಯ ಮುಂಭಾಗದಲ್ಲಿ ಮೂರು ಘಟಕಗಳಿವೆ. ಹನ್ನೆರಡು ಅಂಗುಲದ ದೊಡ್ಡ ಕಾಗದದ ಶಂಕು ಮಂದ್ರಕ್ಕೆ; ಒಂದೂವರೆ ಅಂಗುಲದ ಸಣ್ಣ ಗುಮ್ಮಟ ಮಧ್ಯಕ್ಕೆ; ಮುಕ್ಕಾಲು ಅಂಗುಲದ ಇನ್ನೂ ಸಣ್ಣ ಗುಮ್ಮಟ ತಾರಕ್ಕೆ. ಸೆಕೆಂಡಿಗೆ ಸುಮಾರು 575 ಕಂಪನಗಳವರೆಗಿನ ನಾದ ಮೊದಲನೆಯದಕ್ಕೆ, 5000ದಾಚೆಗಿನದು ಕೊನೆಯದಕ್ಕೆ, ನಡುವಿನದು ನಡುವಿನದಕ್ಕೆ ಎಂದು ಒಳಗಿರುವ ಸುರುಳಿಗಳೂ ಕೆಪಾಸಿಟರುಗಳೂ ಹಂಚಿಕೊಡುತ್ತವೆ.

ಈ ಪೆಟ್ಟಿಗೆಯ ಮರ್ಮವಿರುವುದು ಅದರೊಳಗಿನ ಗಾಳಿಯಲ್ಲಿ. ಸೈಕಲ್ ಪಂಪಿನ ಬಾಯಿಗೆ ಹೆಬ್ಬೆರಳನ್ನು ಒತ್ತಿ ಹಿಡಿದು ಹಿಡಿಯನ್ನು ತಳ್ಳಿದರೆ ಅದು ಹಿಂದಕ್ಕೆ ಪುಟಿಯುತ್ತದೆ. ಮುಚ್ಚಿದ ಗಾಳಿ ಒಂದು ಸ್ಪ್ರಿಂಗು. ಹಿಂದಿನವರು ಶಂಕುವನ್ನು ಬಿಗಿಯಾದ ಅಂಚಿನಿಂದ ಕಟ್ಟುತ್ತಿದ್ದರು. ಅದು ಹೆಚ್ಚು ಚಲಿಸಿದಂತೆಲ್ಲ ಅಂಚು ಅಳತೆ ತಪ್ಪಿ ಎಳೆದು ಮಂದ್ರಸ್ವರವನ್ನು ವಿಕಾರಗೊಳಿಸುತ್ತಿತ್ತು. ವಿಲ್ಚರ್ ಶಂಕುವನ್ನು ಬಹು ಸಡಿಲವಾಗಿ ತೂಗುಹಾಕಿ, ಪೆಟ್ಟಿಗೆಯನ್ನು ಗಾಳಿಯಾಡದಂತೆ ಮುಚ್ಚಿ, ಸ್ಪ್ರಿಂಗಿನ ಕೆಲಸವನ್ನು ಗಾಳಿಗೇ ಒಪ್ಪಿಸಿದನು. ಇದಕ್ಕೆ ಅವನಿಗೆ 1956ರಲ್ಲಿ ಪೇಟೆಂಟ್ ದೊರೆಯಿತು. ಈ ಶಂಕು ಬಯಲಿನಲ್ಲಿ ತನ್ನಷ್ಟಕ್ಕೆ ಸೆಕೆಂಡಿಗೆ ಸುಮಾರು 18 ಸಲ ತೂಗುತ್ತದೆ. ಪೆಟ್ಟಿಗೆಯಲ್ಲಿ ಕೂರಿಸಿದರೆ ಸುಮಾರು 42 ಸಲ. ಬಿಗುವು ಈ ಸಂಖ್ಯೆಯ ವರ್ಗಕ್ಕೆ ಅನುಸಾರವಾಗಿ ಏರುವುದರಿಂದ, ಲೆಕ್ಕ ಹಾಕಿದರೆ ಶಂಕುವನ್ನು ಹಿಂದೆಳೆಯುವ ಬಲದಲ್ಲಿ ಐದರಲ್ಲಿ ನಾಲ್ಕು ಪಾಲು ಗಾಳಿಯದೇ ಎಂದಾಗುತ್ತದೆ. ಎಲ್ಲಿಯಾದರೂ ಒಂದು ಬಿರುಕು ಬಿಟ್ಟರೆ ಆ ನಾಲ್ಕು ಪಾಲೂ ಸೋರಿಹೋದಂತೆಯೇ.

ಬಿರುಕು ಬಿಡುವುದು ಎಲ್ಲಿ? ಶಂಕುವಿನ ಸುತ್ತಣ ಅಂಚಿನಲ್ಲಿ. ಮೊದಲಿಗೆ ಬಟ್ಟೆಯದಾಗಿದ್ದ ಈ ಅಂಚು ಮುಂದೆ ಫೋಮಿನದಾಯಿತು. ಫೋಮು ಮೃದುವೂ ಹಗುರವೂ ಹೌದು; ಆದರೆ ಗಾಳಿಯ ತೇವಕ್ಕೂ ಓಜೋನಿಗೂ ಸಿಕ್ಕಿ ಹದಿನೈದಿಪ್ಪತ್ತು ವರ್ಷಗಳಲ್ಲಿ ಪುಡಿಯಾಗುತ್ತದೆ. ನುಡಿಸಿದರೂ ಅಷ್ಟೇ, ನುಡಿಸದೆ ಮುಚ್ಚಿಟ್ಟರೂ ಅಷ್ಟೇ. ಚಿಕ್ಕತಾತನವರ ಜೊತೆಯ ಮುಂದಿನ ಬಟ್ಟೆಯನ್ನು ತೆಗೆದಾಗ ಕಪ್ಪು ಅವಲಕ್ಕಿಯಂತಹ ಚೂರುಗಳು ಉದುರಿದವು. ಇದನ್ನು ನೋಡಿದ ಪೇಟೆಯ ರಿಪೇರಿಯವರೊಬ್ಬರು ಹಳೆಯ ಶಂಕುಗಳನ್ನು ಕಿತ್ತೆಸೆದು ಹೊಸ ಕಂಪನಿಯ ಘಟಕಗಳನ್ನು ಕೂರಿಸಿಬಿಡೋಣ ಎಂದರು. ಇದಕ್ಕಿಂತ ಕೆಟ್ಟ ಸಲಹೆ ಇನ್ನೊಂದಿಲ್ಲವೆಂದು ನನ್ನ ದೃಢವಾದ ಅಭಿಪ್ರಾಯ. ಶಂಕುವಿನ ತೂಕ, ಅದರ ಸಡಿಲ, ಪೆಟ್ಟಿಗೆಯ ಒಂದೂವರೆ ಘನ ಅಡಿ ಗಾಳಿ, ಈ ಮೂರೂ ಒಂದಕ್ಕೊಂದು ಲೆಕ್ಕ ಕೂಡಿಸಿ ಮಾಡಿದವು. ಒಂದನ್ನು ಬದಲಿಸಿದರೆ ಪೆಟ್ಟಿಗೆ ಉಳಿಯುತ್ತದೆ, ಸ್ವರ ಉಳಿಯುವುದಿಲ್ಲ. ಬೇಕಾದುದು ಹೊಸ ಅಂಚು ಮಾತ್ರ. ಅದೂ ಅಷ್ಟೇ ಮೃದುವಾದ ಫೋಮಿನದಾಗಿರಬೇಕು. ಬಾಳಿಕೆಯ ಆಸೆಗೆ ದಪ್ಪ ರಬ್ಬರನ್ನು ಹಚ್ಚಿದರೆ ಶಂಕು ಮತ್ತೆ ಬಿಗಿಯಾಗಿ, ವಿಲ್ಚರ್ ಬಿಡಿಸಿದ ಗಂಟನ್ನು ನಾವೇ ಹಾಕಿದಂತಾಗುತ್ತದೆ.

ಹಳೆಯ ಅಂಟನ್ನು ತಾಳ್ಮೆಯಿಂದ ಕೆರೆದು, ಹೊಸ ಅಂಚಿಗೆ ಅಂಟು ಸವರಿ, ಅದು ಒಣಗುವ ಮುನ್ನ ಸೆಕೆಂಡಿಗೆ 30 ಕಂಪನದ ನಾದವನ್ನು ಸಣ್ಣಗೆ ನುಡಿಸುತ್ತ ಶಂಕುವನ್ನು ನಡುಮಧ್ಯಕ್ಕೆ ಹೊಂದಿಸಬೇಕು. ಸುರುಳಿ ಕಾಂತಕ್ಕೆ ಉಜ್ಜಿದರೆ ಕರಕರ ಸದ್ದು ತಾನಾಗಿ ಹೇಳುತ್ತದೆ. ಒಣಗಿದ ಮೇಲೆ ಶಂಕುವನ್ನು ಪೆಟ್ಟಿಗೆಯಲ್ಲಿ ಭದ್ರವಾಗಿ ಕೂರಿಸಿ, ಬೆರಳುಗಳಿಂದ ಸಮವಾಗಿ, ಮೆಲ್ಲಗೆ ಒಳಕ್ಕೆ ಒತ್ತಿ ಬಿಡಿ. ಅದು ನಿಧಾನವಾಗಿ ಮೇಲೆ ಬಂದರೆ ಪೆಟ್ಟಿಗೆ ಗಾಳಿ ಹಿಡಿದಿದೆ. ಥಟ್ಟನೆ ಬಂದರೆ ಎಲ್ಲೋ ಸೋರುತ್ತಿದೆ. ಒಳಗೆ ತುಂಬಿರುವ ನಾರನ್ನು ತೆಗೆಯುವಾಗ ಕೈಚೀಲ, ಮುಖವಸ್ತ್ರ ಅವಶ್ಯ. ತೆಗೆದಷ್ಟನ್ನೇ ಮರಳಿ ತುಂಬತಕ್ಕದ್ದು.

ಇಷ್ಟಾದ ಮೇಲೆ ಮೃದಂಗದ ತೊಪ್ಪಿ ಮತ್ತೆ ಗುಂಯ್ಗುಟ್ಟಿತು. ಚಿಕ್ಕತಾತನವರು ಸಂತೋಷಪಟ್ಟರೂ, "ಸಾಹಿತ್ಯ ಮಾತ್ರ ಸ್ಪಷ್ಟವಿಲ್ಲ ಮಗು, ಅದು ನನ್ನ ಕಿವಿಗೆ ವಯಸ್ಸಾದುದರ ಫಲ, ಬಿಡು" ಎಂದರು. ಅವರಿಗೆ ಎಂಬತ್ತು ದಾಟಿದೆ. ವಯಸ್ಸಿನೊಂದಿಗೆ ಮೊದಲು ಕುಂದುವುದು ತಾರದ ಶ್ರವಣವೇ ಆದುದರಿಂದ ಮಾತು ಸುಳ್ಳೆನ್ನುವಂತಿರಲಿಲ್ಲ. ಆದರೆ ಕಿವಿ ಮತ್ತು ಯಂತ್ರ ಇವೆರಡರಲ್ಲಿ ತಪ್ಪು ಯಾರದೆಂದು ತೀರ್ಮಾನಿಸಲು ಒಂದು ಸುಲಭವಾದ ಪರೀಕ್ಷೆ ಉಂಟು. ಎರಡು ಪೆಟ್ಟಿಗೆಗಳನ್ನೂ ಅಕ್ಕಪಕ್ಕ ಇಟ್ಟು, ಒಂದೇ ಹಾಡನ್ನು ಒಮ್ಮೆ ಇದರಲ್ಲಿ, ಒಮ್ಮೆ ಅದರಲ್ಲಿ ನುಡಿಸಿ, ಕೇಳುವವರನ್ನು ಕದಲಿಸದೆ ಕೂರಿಸುವುದು. ಬಳಿಕ ಪೆಟ್ಟಿಗೆಗಳ ಜಾಗವನ್ನು ಅದಲುಬದಲು ಮಾಡುವುದು. ಕಿವಿ ಎರಡಕ್ಕೂ ಒಂದೇ. ವ್ಯತ್ಯಾಸ ಪೆಟ್ಟಿಗೆಯ ಜೊತೆಗೇ ಓಡಾಡಿದರೆ ದೋಷ ಪೆಟ್ಟಿಗೆಯದು. ಚಿಕ್ಕತಾತನವರು ಎರಡು ಸಲವೂ ಒಂದೇ ಪೆಟ್ಟಿಗೆಯನ್ನು 'ಇದು ಮಂಕು' ಎಂದು ತೋರಿಸಿದರು. ಇಷ್ಟು ವರ್ಷ ಅವರು ತಮ್ಮ ಕಿವಿಯ ಮೇಲೆ ಹೊರಿಸಿದ್ದ ಅಪವಾದದಲ್ಲಿ ಬಹುಭಾಗ ನಿರಾಧಾರವೆಂದಾಯಿತು.

ಮಂಕಿಗೆ ಎರಡು ಮೂಲಗಳಿದ್ದವು. ಪೆಟ್ಟಿಗೆಯ ಬೆನ್ನಿನಲ್ಲಿ ಮಧ್ಯ ಮತ್ತು ತಾರಗಳನ್ನು ಏರಿಳಿಸುವ ಎರಡು ತಿರುಗುಗುಂಡಿಗಳಿವೆ. ಅವುಗಳೊಳಗಿನ ಲೋಹ ಕಿಲುಬು ಹಿಡಿಯುವುದು ಈ ಮಾದರಿಯ ಪ್ರಸಿದ್ಧವಾದ ರೋಗ. ಎರಡನೆಯದು ಕೆಪಾಸಿಟರು: ಮಧ್ಯದ ದಾರಿಯಲ್ಲಿ 50, ತಾರದ ದಾರಿಯಲ್ಲಿ 6 ಮೈಕ್ರೋಫ್ಯಾರಡಿನವು. ಇವು ಹಳತಾದಂತೆ ಅಳತೆ ತಪ್ಪುತ್ತವೆ, ಒಳಗಿನ ತಡೆಯೂ ಏರುತ್ತದೆ. 4 ಓಮಿನ ಘಟಕದ ದಾರಿಯಲ್ಲಿ ಬರಿಯ 2 ಓಮಿನ ಅನಗತ್ಯ ತಡೆ ಸೇರಿಕೊಂಡರೆ, ಸ್ಥೂಲವಾದ ಲೆಕ್ಕದಲ್ಲಿ ಅದಕ್ಕೆ ಮುಟ್ಟುವ ಶಕ್ತಿ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಕನ್ನಡದ 'ಸ'ಕಾರದ ಹರಿತವೆಲ್ಲ ಇರುವುದು 5000ದ ಆಚೆ. 'ಶ'ಕಾರದ್ದು ಅದಕ್ಕಿಂತ ಕೊಂಚ ಕೆಳಗೆ. ತಾರ ಕುಂದಿದರೆ ಎರಡೂ ಒಂದೇ ಆಗಿ ಕೇಳಿಸಿ, ಸಾಹಿತ್ಯ ಸ್ಪಷ್ಟವಿಲ್ಲ ಎನಿಸುವುದರಲ್ಲಿ ಆಶ್ಚರ್ಯವೇನು? ಗುಂಡಿಗಳನ್ನು ಬಿಚ್ಚಿ ಕಿಲುಬು ತೆಗೆದದ್ದಾಯಿತು. ಕೆಪಾಸಿಟರುಗಳ ಜಾಗದಲ್ಲಿ ಅದೇ ಅಳತೆಯ ಹೊಸ ಫಿಲ್ಮ್ ಕೆಪಾಸಿಟರುಗಳು ಬಂದವು. ಅದೇ ಅಳತೆ ಎಂಬುದನ್ನು ಒತ್ತಿ ಹೇಳುತ್ತೇನೆ. ಹೆಚ್ಚಿನ ಅಳತೆಯದನ್ನು ಹಾಕಿ 'ಇನ್ನಷ್ಟು ಉತ್ತಮಪಡಿಸಿದೆ' ಎನ್ನುವವರುಂಟು. ಪುಟಾಣಿ ಗುಮ್ಮಟಕ್ಕೆ ತಾಳಲಾರದ ಕೆಳಸ್ವರಗಳನ್ನು ಕಳುಹಿಸಿ ಅದನ್ನು ಸುಟ್ಟುಕೊಳ್ಳುವವರೂ ಅವರೇ. ಗುಮ್ಮಟದ ಕೂದಲೆಳೆಯಂತಹ ತಂತಿಗಳನ್ನು ಮುಟ್ಟಲೇ ಕೂಡದು.

ಇಲ್ಲಿ ಒಂದು ಸಂಗತಿ ನೆನಪಾಗುತ್ತದೆ. ವಿಲ್ಚರ್ 1967ರಲ್ಲಿ ತನ್ನ ಕಂಪನಿಯನ್ನು ಮಾರಿ, ಉಳಿದ ಆಯುಷ್ಯದ ಬಹುಭಾಗವನ್ನು ಕಿವಿ ಮಂದವಾದವರಿಗೆ ಶ್ರವಣಯಂತ್ರಗಳನ್ನು ಸುಧಾರಿಸುವ ಸಂಶೋಧನೆಯಲ್ಲಿ ಕಳೆದನು, 2011ರಲ್ಲಿ ತೀರಿಕೊಂಡನು. ಧ್ವನಿ ಹೊರಡುವ ತುದಿಯಿಂದ ಅದು ಸೇರುವ ತುದಿಗೆ ಹೋದನೆನ್ನಬಹುದು.

ಇನ್ನು ಕೋಣೆಯ ವಿಚಾರ. ಇದಕ್ಕೆ ಒಂದು ಕಾಸೂ ಬೇಡ, ಆದರೆ ಜನ ಕಟ್ಟಕಡೆಗೆ ಯೋಚಿಸುವುದು ಇದನ್ನೇ. ಹನ್ನೆರಡು ಅಡಿ ಉದ್ದದ ಕೋಣೆ ಸೆಕೆಂಡಿಗೆ ಸುಮಾರು 47 ಕಂಪನದ ನಾದಕ್ಕೆ ತಾನೇ ದನಿಗೂಡಿಸುತ್ತದೆ. ಪೆಟ್ಟಿಗೆಯನ್ನು ಮೂಲೆಗೆ ತಳ್ಳಿದರೆ ಆ ಒಂದೇ ಸ್ವರ ಡಬಡಬ ಎನ್ನುತ್ತದೆ. ಎ.ಆರ್.-3ಎ ಗೋಡೆಗೆ ಒರಗಿದ ಪುಸ್ತಕದ ಕಪಾಟಿಗೆಂದು ರೂಪಿಸಿದ್ದು. ಕೋಣೆಯ ನಡುವೆ ತಂದಿಟ್ಟರೆ ಮಂದ್ರ ಬಡಕಲಾಗುತ್ತದೆ. ನಮ್ಮ ಮನೆಗಳ ಮೊಸಾಯಿಕ್ ನೆಲವೂ ಬರಿಗೋಡೆಗಳೂ ತಾರವನ್ನು ಪ್ರತಿಧ್ವನಿಸಿ ಕಿವಿಗೆ ಚುಚ್ಚುವುದರಿಂದ ಒಂದು ಜಮಖಾನ, ಎದುರಿಗೆ ಒಂದು ದಪ್ಪ ಪರದೆ ಬೇಕು. ಎಷ್ಟೋ ಸಾವಿರ ಬೆಲೆಯ ತಂತಿಗಳ ಮಾತು ಬೇಡವೇ ಬೇಡ. ಮನೆಯ ವಯರಿಂಗಿಗೆ ಬಳಸುವ 2.5 ಚದರ ಮಿಲಿಮೀಟರಿನ ತಾಮ್ರದ ತಂತಿ ಐದು ಮೀಟರು ಹೋಗಿ ಬಂದರೆ ಅದರ ತಡೆ 0.07 ಓಮಿನಷ್ಟು. ನಾಲ್ಕು ಓಮಿನ ಎದುರಿಗೆ ಅದು ಲೆಕ್ಕಕ್ಕಿಲ್ಲ.

ಹೊಸ ಫೋಮೂ ಶಾಶ್ವತವಲ್ಲ; ಇನ್ನು ಹದಿನೈದು ವರ್ಷಕ್ಕೆ ಮತ್ತೆ ಇದೇ ಕೆಲಸ ಬೀಳುತ್ತದೆ. ಬಿಚ್ಚುವವರು ಯಾರೋ ಏನೋ. ಆದಕಾರಣ ಪೆಟ್ಟಿಗೆಯನ್ನು ಮುಚ್ಚುವ ಮುನ್ನ, ಒಳಗಿನ ಹಲಗೆಯ ಮೇಲೆ ಪೆನ್ಸಿಲಿನಲ್ಲಿ ತಾರೀಖು, ಕೆಪಾಸಿಟರುಗಳ ಅಳತೆ, ತೆಗೆದು ಹಾಕಿದ ನಾರಿನ ತೂಕ ಇಷ್ಟನ್ನೂ ಬರೆದಿಟ್ಟಿದ್ದೇನೆ.