ತೋಟದ ಖಾತೆಯಷ್ಟೇ ಅಲ್ಲ, ಪಿ.ಎಫ್. ಖಾತೆಯನ್ನೂ ನೋಡಿ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಮನೆಯ ಯಜಮಾನ ತೀರಿಕೊಂಡರೆ, ತಿಥಿ ಮುಗಿಯುತ್ತಿದ್ದಂತೆ ಮಾತು ತೋಟದ ಕಡೆ ಹೊರಳುತ್ತದೆ. ಪವತಿ ಖಾತೆ ಯಾರ ಹೆಸರಿಗೆ, ಮರಗಳು ಯಾರ ಪಾಲಿಗೆಷ್ಟು, ಕೊಬ್ಬರಿಯಾಗಲೆಂದು ಅಟ್ಟಕ್ಕೆ ಹಾಕಿದ ಕಾಯಿ ಎಷ್ಟು? ಎಲ್ಲಕ್ಕೂ ಲೆಕ್ಕ ಸಿಗುತ್ತದೆ. ಆದರೆ ಅದೇ ಯಜಮಾನ ಇಪ್ಪತ್ತು ವರ್ಷ ಪೀಣ್ಯದ ಕಾರ್ಖಾನೆಯಲ್ಲಿ ದುಡಿದಿದ್ದರೆ, ಸಂಬಳದಲ್ಲಿ ತಿಂಗಳು ತಿಂಗಳೂ ಹಿಡಿದ ಭವಿಷ್ಯನಿಧಿ, ಅಂದರೆ ಪಿ.ಎಫ್. ಹಣದ ಲೆಕ್ಕ ಎಷ್ಟೋ ಮನೆಗಳಲ್ಲಿ ಹೆಂಡತಿ ಮಕ್ಕಳಿಗೆ ಗೊತ್ತೇ ಇರುವುದಿಲ್ಲ. ಓದುವ ಮಕ್ಕಳಿರುವ ಮನೆಯಲ್ಲಿ ಈ ಅಜ್ಞಾನ ದುಬಾರಿಯಾಗುತ್ತದೆ.

ಒಂದಲ್ಲ, ಮೂರು ಹಣ

ಕೆಲಸದಲ್ಲಿರುವಾಗಲೇ ನೌಕರ ತೀರಿಕೊಂಡರೆ ಕುಟುಂಬಕ್ಕೆ ಬರುವುದು ಮೂರು ಬಗೆಯ ಹಣ. ಮೊದಲನೆಯದು 1952ರ ಯೋಜನೆಯ ಪಿ.ಎಫ್. ಗಂಟು. ಎರಡನೆಯದು 1976ರಲ್ಲಿ ಬಂದ, ಠೇವಣಿಗೆ ಜೋಡಿಸಿದ ವಿಮೆ. ಇದಕ್ಕೆ ನೌಕರ ಒಂದು ಪೈಸೆಯನ್ನೂ ಕಟ್ಟಿರುವುದಿಲ್ಲ, ಕಂತು ಮಾಲೀಕರದು. 2021ರಲ್ಲಿ ಇದರ ಗರಿಷ್ಠ ಮೊತ್ತವನ್ನು 7 ಲಕ್ಷ ರೂಪಾಯಿಗೆ ಏರಿಸಲಾಯಿತು. ಮೂರನೆಯದು 1995ರ ಯೋಜನೆಯ ಪಿಂಚಣಿ.

ವಿದ್ಯಾರ್ಥಿಗಳು ತಿಳಿದಿರಬೇಕಾದದ್ದು ಈ ಮೂರನೆಯದನ್ನು. ನೌಕರ ಒಂದೇ ತಿಂಗಳ ವಂತಿಗೆ ಕಟ್ಟಿದ್ದರೂ ಪತ್ನಿಗೆ ಪಿಂಚಣಿಯ ಹಕ್ಕುಂಟು. ಅದರ ಜೊತೆಗೆ, ವಿಧವಾ ಪಿಂಚಣಿಯ ಶೇ 25ರಷ್ಟು ಹಣ ಒಂದು ಸಲಕ್ಕೆ ಇಬ್ಬರು ಮಕ್ಕಳಿಗೆ, ಅವರಿಗೆ 25 ವರ್ಷ ತುಂಬುವವರೆಗೆ ಸಿಗುತ್ತದೆ. ತಾಯಿಗೆ ತಿಂಗಳಿಗೆ 4,000 ರೂ. ಬರುತ್ತಿದ್ದರೆ ಇಬ್ಬರು ಮಕ್ಕಳಿಗೆ ತಲಾ 1,000 ರೂ. ಮೂರನೆಯ ಮಗುವಿದ್ದರೆ, ಹಿರಿಯರಿಗೆ 25 ತುಂಬಿದಾಗ ಅದರ ಸರದಿ. ತಂದೆ ತಾಯಿ ಇಬ್ಬರೂ ಇಲ್ಲದ ಮಕ್ಕಳಿಗೆ ಈ ಪಾಲು ಶೇ 75.

ನಾಮಿನಿ ಯಾರು?

ಕುಟುಂಬವಿರುವ ನೌಕರ ಪಿ.ಎಫ್.ಗೆ ಕುಟುಂಬದವರನ್ನೇ ನಾಮಿನಿ ಮಾಡಬೇಕು. ಇಲ್ಲಿ ಕುಟುಂಬವೆಂದರೆ ಹೆಂಡತಿ ಅಥವಾ ಗಂಡ, ಮಕ್ಕಳು, ಅವಲಂಬಿತ ತಂದೆ ತಾಯಿ ಮುಂತಾದವರು. ಅಣ್ಣ ತಮ್ಮಂದಿರು ಇದರಲ್ಲಿ ಸೇರುವುದಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ತಮ್ಮನ ಹೆಸರು ಬರೆಸಿದ್ದರೆ ಮದುವೆಯಾದ ಮೇಲೆ ಅದು ನಡೆಯದು. ಹೊಸದಾಗಿ ಬರೆಸಲೇಬೇಕು.

ನಾಮಿನಿಯೇ ಇಲ್ಲದಿದ್ದರೆ ಹಣ ಕುಟುಂಬದವರಿಗೆ ಸಮನಾಗಿ ಹಂಚಿಕೆಯಾಗುತ್ತದೆ. ಆದರೆ ಬೇರೆ ಸದಸ್ಯರು ಇರುವಾಗ, ವಯಸ್ಕನಾದ ಮಗನಿಗೂ ಗಂಡ ಬದುಕಿರುವ ವಿವಾಹಿತ ಮಗಳಿಗೂ ಪಾಲಿಲ್ಲ. ಹದಿನೆಂಟು ದಾಟಿ ಎಂಜಿನಿಯರಿಂಗ್ ಓದುತ್ತಿರುವ ಮಗನ ಶುಲ್ಕಕ್ಕೆಂದೇ ತಂದೆ ಆ ಹಣ ಬಿಟ್ಟಿದ್ದರೂ ನಿಯಮ ಅದನ್ನು ನೋಡುವುದಿಲ್ಲ.

ಬ್ಯಾಂಕ್ ಠೇವಣಿಯ ದಾರಿಯೇ ಬೇರೆ. ಅಲ್ಲಿ ನಾಮಿನಿ ಹಣ ಪಡೆದುಕೊಳ್ಳುವವರು ಮಾತ್ರ. ಉಯಿಲು ಇಲ್ಲದಿದ್ದಾಗ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ತೀರಿಕೊಂಡವರ ಪತ್ನಿ, ಗಂಡುಮಕ್ಕಳು, ಮದುವೆಯಾದವರೂ ಸೇರಿ ಹೆಣ್ಣುಮಕ್ಕಳು, ತಾಯಿ ಎಲ್ಲರಿಗೂ ಸಮಪಾಲು. ಅಂಚೆ ಕಚೇರಿ ಅಥವಾ ಬ್ಯಾಂಕಿನ ಪಿ.ಪಿ.ಎಫ್. ಖಾತೆಯನ್ನು ವಾರಸುದಾರರು ಮುಂದುವರಿಸುವಂತಿಲ್ಲ. 15 ವರ್ಷ ತುಂಬದಿದ್ದರೂ ಮುಚ್ಚಿ ಹಣ ಪಡೆಯಬೇಕು. ಹಣ ಕೊಡುವ ತಿಂಗಳ ಹಿಂದಿನ ತಿಂಗಳ ಕೊನೆಯವರೆಗೆ ಬಡ್ಡಿ ಸಿಗುತ್ತದೆ.

ತೆರಿಗೆ ಎಲ್ಲಿದೆ, ಎಲ್ಲಿಲ್ಲ?

ಅಮೆರಿಕ, ಇಂಗ್ಲೆಂಡುಗಳಲ್ಲಿರುವಂತೆ ಸತ್ತವರ ಆಸ್ತಿಯ ಮೇಲೆ ನಮ್ಮಲ್ಲಿ ತೆರಿಗೆ ಇಲ್ಲ. ಎಸ್ಟೇಟ್ ಡ್ಯೂಟಿ ಎಂಬುದೊಂದಿತ್ತು, 1985ರಲ್ಲಿ ರದ್ದಾಯಿತು. ಆದ್ದರಿಂದ ಪಿ.ಎಫ್. ಗಂಟು, ವಿಮೆಯ ಹಣ, ಪಿ.ಪಿ.ಎಫ್. ಮೂರೂ ತೆರಿಗೆಯಿಲ್ಲದೆ ಕೈಸೇರುತ್ತವೆ.

ಆ ಗಂಟನ್ನು ಠೇವಣಿಯಿಟ್ಟರೆ ಬರುವ ಬಡ್ಡಿ ಮಾತ್ರ ಪಡೆದವರ ಆದಾಯ. ಅಪ್ರಾಪ್ತ ಮಗುವಿನ ಹೆಸರಿನಲ್ಲಿಟ್ಟರೂ ಬಡ್ಡಿ ಸಾಮಾನ್ಯವಾಗಿ ತಾಯಿಯ ಲೆಕ್ಕಕ್ಕೇ ಸೇರುತ್ತದೆ. ತಿಂಗಳ ಕುಟುಂಬ ಪಿಂಚಣಿಯೂ ಆದಾಯವೇ. ಆದರೆ ಅದರಲ್ಲಿ ಮೂರನೇ ಒಂದು ಭಾಗ ಅಥವಾ ನಿಗದಿತ ಮಿತಿ, ಯಾವುದು ಕಡಿಮೆಯೋ ಅಷ್ಟನ್ನು ಕಳೆಯಬಹುದು. ಹಳೆಯ ತೆರಿಗೆ ಪದ್ಧತಿಯಲ್ಲಿ ಮಿತಿ 15,000 ರೂ.; ಹೊಸದರಲ್ಲಿ 2024ರ ಬಜೆಟ್ ಅದನ್ನು 25,000ಕ್ಕೆ ಏರಿಸಿತು. ತಿಂಗಳಿಗೆ 4,000ದಂತೆ ವರ್ಷಕ್ಕೆ 48,000 ರೂ. ಬಂದರೆ, ಹೊಸ ಪದ್ಧತಿಯಲ್ಲಿ 16,000 ಕಳೆದು ಲೆಕ್ಕಕ್ಕೆ ಸಿಗುವುದು 32,000. ಬೇರೆ ಆದಾಯವಿಲ್ಲದವರಿಗೆ ತೆರಿಗೆಯ ಚಿಂತೆಯೇ ಇಲ್ಲ.

ಮಾಡಬೇಕಾದ್ದು

ಬದುಕಿರುವಾಗಲೇ ತಂದೆ ತಾಯಿ ತಮ್ಮ ಯು.ಎ.ಎನ್. ಸಂಖ್ಯೆಯನ್ನು ಮನೆಯವರಿಗೆ ತಿಳಿಸಲಿ. ನಾಮಿನಿಯ ಹೆಸರನ್ನು ಪಿ.ಎಫ್. ಸಂಸ್ಥೆಯ ಅಂತರ್ಜಾಲ ತಾಣದಲ್ಲೇ ತುಂಬಬಹುದು. ಕಾಲೇಜಿಗೆ ಹೋಗುವ ಮಕ್ಕಳೇ ಕೂತು ಮಾಡಿಕೊಡಬಹುದಾದ ಕೆಲಸವಿದು. ಆಧಾರ್, ಬ್ಯಾಂಕ್ ಪಾಸ್‌ಬುಕ್, ಶಾಲಾ ದಾಖಲೆಗಳಲ್ಲಿ ಹೆಸರು, ಇನಿಷಿಯಲ್, ಜನ್ಮದಿನಾಂಕ ಒಂದೇ ರೀತಿ ಇವೆಯೇ ನೋಡಿಕೊಳ್ಳಬೇಕು.

ಸಾವಿನ ನಂತರ ಮರಣ ಪ್ರಮಾಣಪತ್ರ ಮೊದಲು. ಪವತಿ ಖಾತೆಗೆಂದು ನಾಡಕಚೇರಿಯಲ್ಲಿ ವಂಶವೃಕ್ಷ ಮಾಡಿಸುವಾಗ ಎರಡು ಪ್ರತಿ ಹೆಚ್ಚಿಗೆ ಇಟ್ಟುಕೊಂಡರೆ ನಾಮಿನಿ ಇಲ್ಲದ ಖಾತೆಗಳಿಗೂ ನೆರವಾದೀತು. ಪಿ.ಎಫ್.ಗೆ ಅರ್ಜಿ ಹಾಕದೆ ಮೂರು ವರ್ಷ ಕಳೆದರೆ ಖಾತೆ ನಿಷ್ಕ್ರಿಯವಾಗುತ್ತದೆ. ಹಣ ಎಲ್ಲಿಗೂ ಹೋಗುವುದಿಲ್ಲ, ಬಡ್ಡಿ ನಿಲ್ಲುತ್ತದೆ. ಅಟ್ಟದ ಕಾಯಿ ವರ್ಷವಿಟ್ಟರೆ ಕೊಬ್ಬರಿಯಾದೀತು, ಮರೆತ ಪಿ.ಎಫ್. ಹಾಗಲ್ಲ.