ಟ್ಯಾಂಕಿನ ಚಕ್ರ ಚನ್ನಪಟ್ಟಣದಲ್ಲೇ ಉಂಟು, ಸ್ವಾಮಿ!

ಮಗ ಜೋಡಿಸುತ್ತಿರುವ ಆಟಿಕೆ ಟ್ಯಾಂಕಿನ ಒಂದು ಚಕ್ರ ಕಳೆದುಹೋಯಿತೇ? ಬಿಡಿ ಸಾಮಾನಿಗೆ ಬೆಂಗಳೂರು ಸುತ್ತುವ ಮೊದಲು ಚನ್ನಪಟ್ಟಣದಲ್ಲಿ ಬಸ್ಸಿಳಿಯಿರಿ. ಕನಕಪುರ, ಮಾಗಡಿಯವರಿಗೂ ಇದೇ ಮಾತು.

ಚಕ್ರ, ಫಿರಂಗಿ ನಳಿಗೆ, ಎಣ್ಣೆ ಡ್ರಮ್ಮು ಎಲ್ಲಾ ದುಂಡನೆಯ ಸಾಮಾನೇ ತಾನೆ? ದುಂಡಗೆ ಕಡೆಯೋದೇ ಇಲ್ಲಿಯವರ ಕಸುಬು. ಹಾಲೆ ಮರದ ತುಂಡು ಲೇತಿನಲ್ಲಿ ತಿರುಗುವಾಗ ಹಸಿರು ಅರಗಿನ ಕಡ್ಡಿ ಒತ್ತಿದರೆ, ಉಜ್ಜಿದ ಬಿಸಿಗೇ ಬಣ್ಣ ಕರಗಿ ಕೂರುತ್ತೆ.

ಅಳತೆ ಮಾತ್ರ ನೀವೇ ಹೇಳಬೇಕು. 35ರಲ್ಲಿ 1 ಪಾಲಿನ ಮಾದರಿಗೆ 88 ಸೆಂಟಿಮೀಟರ್ ಎತ್ತರದ ಡ್ರಮ್ಮು ಎರಡೂವರೆ ಸೆಂಟಿಮೀಟರಾದರೆ ಸಾಕು. ಚಕ್ರಕ್ಕಾದರೆ ಉಳಿದದ್ದೊಂದನ್ನು ಜೇಬಲ್ಲಿ ತನ್ನಿ.

2023ರಲ್ಲಿ ಹೊಸ ಹೆದ್ದಾರಿ ಊರಾಚೆ ಹೋದ ಮೇಲೆ ಕಾರಿನ ಗಿರಾಕಿ ಕಡಿಮೆ. ಇಂಥ ಹತ್ತು ಕೆಲಸ ಬಂದರೆ ಒಂದು ಲೇತಾದರೂ ತಿರುಗೀತು!