ಬೆನ್ನಿಗೆ ಎಂಜಿನ್, ನೆತ್ತಿಗೆ ಬಟ್ಟೆ

ಗೋವಿನಜೋಳದ ಕಟಾವು ಮುಗಿದು ಹೋರಿ ಹಬ್ಬದ ಗದ್ದಲ ಶುರುವಾಗುವ ಹೊತ್ತಿಗೆ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯ ಹೊಲಗಳು ಒಂದೊಂದಾಗಿ ಬಯಲಾಗುತ್ತವೆ. ಮಳೆಗಾಲದ ಉದ್ದಕ್ಕೂ ಪಡುವಣದಿಂದ ನುಗ್ಗುತ್ತಿದ್ದ ಗಾಳಿ ತಗ್ಗಿ, ಬೆಳಗಿನ ಹೊತ್ತು ಬೇವಿನ ಎಲೆಯೂ ಅಲುಗುವುದಿಲ್ಲ. ಪ್ಯಾರಾಮೋಟರ್ ಹಾರಿಸುವವರು ವರ್ಷವಿಡೀ ಕಾಯುವುದು ಇಂಥ ದಿನಗಳಿಗಾಗಿ. ಬಯಲುಸೀಮೆಯೂ ಮಲೆನಾಡಿನ ಸೆರಗೂ ಕೂಡುವ ಈ ನಾಲ್ಕು ತಾಲ್ಲೂಕುಗಳನ್ನು ಅವರ ಕಣ್ಣಿನಿಂದ ನೋಡಿದರೆ ಆ ವಿದ್ಯೆ ಎಷ್ಟು ಸೂಕ್ಷ್ಮದ್ದು ಎಂಬುದು ತಿಳಿಯುತ್ತದೆ.

ಪ್ಯಾರಾಮೋಟರ್‌ಗೆ ಚಕ್ರವಿಲ್ಲ, ರನ್‌ವೇ ಬೇಡ. ಬೆನ್ನಿಗೆ ಎಂಜಿನ್ ಕಟ್ಟಿಕೊಂಡು, ಬಟ್ಟೆಯ ರೆಕ್ಕೆಯನ್ನು ನೆತ್ತಿಯ ಮೇಲೆ ಎಬ್ಬಿಸಿ, ಸ್ವಂತ ಕಾಲಿನಲ್ಲಿ ಓಡಿ ನೆಲ ಬಿಡಬೇಕು. 1980ರಲ್ಲಿ ಇಂಗ್ಲೆಂಡಿನ ಮೈಕ್ ಬರ್ನ್ ಇಂಥದ್ದೊಂದನ್ನು ಕಟ್ಟಿ ಹೆಸರಿಟ್ಟ. ಆ ದಶಕದ ಕೊನೆಗೆ ಫ್ರಾನ್ಸಿನಲ್ಲಿ ಅದು ಹವ್ಯಾಸಿಗಳ ಕೈಗೆ ಬಂತು. ಆಟಿಕೆಯೆಂದು ತಳ್ಳಿಹಾಕುವಂತಿಲ್ಲ: 2016ರ ಫೆಬ್ರವರಿಯಲ್ಲಿ ಪಶ್ಚಿಮ ಬಂಗಾಳದ ಕಲೈಕುಂಡದಿಂದ ಹೊರಟ ನಮ್ಮ ವಾಯುಪಡೆಯ ತಂಡ ಇದರಲ್ಲೇ ದೇಶದ ಸುತ್ತ ಪ್ರದಕ್ಷಿಣೆ ಹಾಕಿತು.

ನೋಡುವವರ ಕಣ್ಣೆಲ್ಲ ಎಂಜಿನ್ನಿನ ಮೇಲಿರುತ್ತದೆ. ಆದರೆ ಎಂಜಿನ್ ಮಾಡುವುದು ಮುಂದಕ್ಕೆ ತಳ್ಳುವ ಕೆಲಸ ಮಾತ್ರ, ಎತ್ತಿ ಹಿಡಿಯುವುದು ರೆಕ್ಕೆ. 20ರಿಂದ 28 ಚದರ ಮೀಟರ್ ನೈಲಾನ್ ಬಟ್ಟೆ, ತೂಕ ಐದಾರು ಕಿಲೋ. ಮುಂದಿನ ಅಂಚಿನಲ್ಲಿ ಸಾಲಾಗಿ ಬಾಯಿಗಳಿರುತ್ತವೆ. ಅವುಗಳಿಂದ ನುಗ್ಗಿದ ಗಾಳಿ ಒಳಗಿನ ಗೂಡುಗಳನ್ನು ತುಂಬಿದಾಗ ಮಾತ್ರ ಆ ಬಟ್ಟೆಗೆ ರೆಕ್ಕೆಯ ಆಕಾರ ಬರುತ್ತದೆ. ಎಂಜಿನ್ ನಡುವೆ ಕೆಟ್ಟು ನಿಂತರೂ ಮನುಷ್ಯ ಕಲ್ಲಿನಂತೆ ಬೀಳುವುದಿಲ್ಲ. 100 ಮೀಟರ್ ಎತ್ತರವಿದ್ದರೆ 600 ಮೀಟರಿನಷ್ಟು ದೂರ ತೇಲಿಕೊಂಡು ಹೋಗಿ ಇಳಿಯಬಹುದು. ಹಾಗಾಗಿ ಬಲ್ಲ ಪೈಲಟ್ ಹಾರುವ ಪ್ರತಿ ಗಳಿಗೆಯೂ ಆ ಅಳತೆಯೊಳಗೆ ಖಾಲಿ ಹೊಲವೊಂದನ್ನು ಕಣ್ಣಲ್ಲಿ ಇಟ್ಟುಕೊಂಡಿರುತ್ತಾನೆ.

ರೆಕ್ಕೆ ಕೊಳ್ಳುವಾಗ ನೋಡಬೇಕಾದದ್ದು ಬಣ್ಣವಲ್ಲ, ತೂಕದ ಪಟ್ಟಿ. 75 ಕಿಲೋ ಮನುಷ್ಯ, 28 ಕಿಲೋ ಎಂಜಿನ್, 8 ಕಿಲೋ ಪೆಟ್ರೋಲ್, ರೆಕ್ಕೆಯದೇ 6 ಕಿಲೋ ಸೇರಿದರೆ 117 ಆಯಿತು. ಹೆಲ್ಮೆಟ್, ಬೂಟು, ತುರ್ತು ಪ್ಯಾರಾಚೂಟ್ ಹಿಡಿದರೆ 120 ದಾಟುತ್ತದೆ. ರೆಕ್ಕೆ ತಯಾರಕರು ನಮೂದಿಸಿದ ಮಿತಿ ಈ ಒಟ್ಟು ತೂಕಕ್ಕೆ ಹೊಂದಬೇಕು. ಹೊಸಬರಿಗೆ ವೇಗದ ರೆಕ್ಕೆಯ ಆಸೆ ಸಹಜ. ನನ್ನ ಮಟ್ಟಿಗೆ, ತಪ್ಪನ್ನು ಕ್ಷಮಿಸುವ ನಿಧಾನದ ರೆಕ್ಕೆಯೇ ಮೊದಲ ವರ್ಷಗಳಿಗೆ ಲೇಸು.

ಎಂಜಿನ್ನಿನ ಪರಿಚಯ ಈ ಕಡೆಯ ರೈತನಿಗೆ ಅರ್ಧ ಆಗಿಯೇ ಇದೆ. ಬೆನ್ನಿಗೆ ಹೊತ್ತು ಔಷಧ ಹೊಡೆಯುವ ಪೆಟ್ರೋಲ್ ಪವರ್ ಸ್ಪ್ರೇಯರಿನ ಅಣ್ಣ ಅದು: ಟೂ-ಸ್ಟ್ರೋಕ್, ಹಗ್ಗ ಎಳೆದು ಚಾಲು ಮಾಡುವುದು, ಪೆಟ್ರೋಲಿಗೆ ಲೀಟರಿಗೆ ಸುಮಾರು 20 ಮಿ.ಲೀ. ಆಯಿಲ್ ಬೆರೆಸುವುದು, ರಬ್ಬರ್ ಪೊರೆಯ ಕಾರ್ಬುರೇಟರ್. ಸ್ಪ್ರೇಯರಿನದು ಚಿಕ್ಕ ಎಂಜಿನ್. ಇದು 80ರಿಂದ 200 ಸಿಸಿ. ಇಟಲಿಯ ವಿತ್ತೊರಾಜಿ ಕಂಪನಿಯ 185 ಸಿಸಿ ಮೋಸ್ಟರ್ ಹವ್ಯಾಸಿಗಳಲ್ಲಿ ತುಂಬ ಬಳಕೆಯಲ್ಲಿದೆ. ಗಂಟೆಗೆ ಮೂರ್ನಾಲ್ಕು ಲೀಟರ್ ಕುಡಿಯುತ್ತದೆ. ಈಗ ಬಂಕಿನಲ್ಲಿ ಸಿಗುವುದು ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ಗಾಳಿಯ ತೇವ ಹೀರುತ್ತದೆ, ಪೊರೆಯನ್ನು ಗಡುಸು ಮಾಡುತ್ತದೆ. ಬೆರೆಸಿದ್ದನ್ನು ಅಂದಂದೇ ಮುಗಿಸಬೇಕು, ಉಳಿದರೆ ಟ್ಯಾಂಕ್ ಬಸಿಯಬೇಕು. ಬಸಿದದ್ದನ್ನು ಹೊಲದ ಯಜಮಾನರ ಸ್ಪ್ರೇಯರಿಗೆ ಹಾಕಿಕೊಟ್ಟರೆ ಮುಂದಿನ ಸಲ ಹೊಲ ಕೇಳಲು ಬಾಯಿ ಬರುತ್ತದೆ.

ಎಂಜಿನ್ ತಿರುಗಿಸುವ ಪಂಖದ ಉದ್ದ ಸುಮಾರು ಒಂದೂಕಾಲು ಮೀಟರ್. ಈ ಹವ್ಯಾಸದ ಗಂಭೀರ ಗಾಯಗಳಲ್ಲಿ ಹಲವು ಆಗುವುದು ಆಕಾಶದಲ್ಲಲ್ಲ, ನೆಲದ ಮೇಲೆ ಎಂಜಿನ್ ಚಾಲು ಮಾಡುವಾಗ ಪಂಖಕ್ಕೆ ಕೈ ಸಿಕ್ಕಿ. ಎಂಜಿನ್ ಶಬ್ದಕ್ಕೆ ಊರಿನ ಹುಡುಗರೆಲ್ಲ ಓಡಿಬರುವ ನಮ್ಮ ಕಡೆ ಈ ಮಾತಿಗೆ ಇನ್ನೂ ತೂಕ ಹೆಚ್ಚು. ಹುಡುಗರನ್ನು ದೂರ ನಿಲ್ಲಿಸಲೆಂದೇ ಒಬ್ಬ ಹಿರಿಯರನ್ನು ಕೇಳಿಕೊಳ್ಳುವುದು ಸಲಕರಣೆಯಷ್ಟೇ ಮುಖ್ಯ.

ಇನ್ನು ಹೊಲ. ಸವಣೂರಿನ ಎರೆಭೂಮಿ ಮಳೆಯಲ್ಲಿ ಬೂಟು ಕೀಳಲು ಬಿಡದು. ಬೇಸಿಗೆಯಲ್ಲಿ ಕಾಲು ಇಳಿಯುವಷ್ಟು ಬಿರುಕು ಬಿಡುತ್ತದೆ. ಬೆನ್ನ ಮೇಲೆ 30 ಕಿಲೋ ಹೊತ್ತು ಓಡುವವನಿಗೆ ಎರಡೂ ಶತ್ರುಗಳೇ. ಮಸಾರಿ ನೆಲ ವಾಸಿ. ಹತ್ತಿಯ ಗಿಡ ಕಿತ್ತಿರದ ಹೊಲದಲ್ಲಿ ರೆಕ್ಕೆಯ ಸಣ್ಣ ದಾರಗಳು ಕಡ್ಡಿ ಕಡ್ಡಿಗೂ ಸಿಕ್ಕಿಕೊಳ್ಳುತ್ತವೆ. ಗೋವಿನಜೋಳದ ಕೂಳೆ ಬಟ್ಟೆಯನ್ನು ಹರಿಯುತ್ತದೆ. ಕುಂಟೆ ಹೊಡೆದು ಮಟ್ಟವಾದ, ಗಾಳಿಗೆದುರಾಗಿ 100-150 ಹೆಜ್ಜೆ ಓಡಲು ಸಿಗುವ, ಎದುರಿಗೆ ತಂತಿಯಿಲ್ಲದ ಹೊಲ ಸಿಕ್ಕರೆ ಅದೇ ವಿಮಾನ ನಿಲ್ದಾಣ. ಇಲ್ಲಿನ ನೆಲ ಸಮುದ್ರಮಟ್ಟದಿಂದ 550 ಮೀಟರ್ ಆಸುಪಾಸು ಎತ್ತರದಲ್ಲಿದೆ. ಗಾಳಿ ಅಷ್ಟರಮಟ್ಟಿಗೆ ತೆಳು. ಕಡಲತೀರದಲ್ಲಿ ಓಡುವುದಕ್ಕಿಂತ ನಾಲ್ಕು ಹೆಜ್ಜೆ ಹೆಚ್ಚು ಓಡಬೇಕು.

ಗಾಳಿ ಓದುವುದೇ ಈ ವಿದ್ಯೆಯ ತಿರುಳು. ನೆಲದ ಮೇಲೆ ಗಂಟೆಗೆ 15 ಕಿಲೋಮೀಟರಿನೊಳಗಿನ ಸಮಗಾಳಿ ಹಿತ. ಚಳಿಗಾಲದ ಬೆಳಗು ಮಾತ್ರ ಮೋಸ ಮಾಡುತ್ತದೆ: ಕೆಳಗೆ ತಣ್ಣನೆಯ ಗಾಳಿ ಮಲಗಿರುತ್ತದೆ, 200 ಮೀಟರ್ ಮೇಲೆ ಜೋರು ಗಾಳಿ ಹರಿಯುತ್ತಿರುತ್ತದೆ. ಅದನ್ನು ತೋರಿಸಿಕೊಡುವುದು ಹೊಗೆ. ನೆಟ್ಟಗೆ ಏರಿದ ಹೊಗೆ ಮೇಲೆಲ್ಲೋ ತಟ್ಟನೆ ಅಡ್ಡಕ್ಕೆ ತಿರುಗಿತೆಂದರೆ ಮೇಲ್ಗಾಳಿ ಅಲ್ಲಿಂದ ಶುರು ಎಂದರ್ಥ. ಹಾನಗಲ್ಲಿನ ಆನೆಕೆರೆಯಂಥ ಕೆರೆ ಮೇಲಿನಿಂದ ಕಂಡರೆ ಇನ್ನೂ ಸುಲಭ: ಯಾವ ದಡದ ಬಳಿ ನೀರು ಕನ್ನಡಿಯ ಹಾಗೆ ನಿಂತಿದೆಯೋ ಗಾಳಿ ಬರುತ್ತಿರುವುದು ಆ ಕಡೆಯಿಂದ. ರೆಕ್ಕೆಯ ವೇಗ ಗಂಟೆಗೆ 40-50 ಕಿಲೋಮೀಟರ್ ಅಷ್ಟೇ. ಎದುರುಗಾಳಿ ಅಷ್ಟೇ ಜೋರಾದರೆ ಎಂಜಿನ್ ಎಷ್ಟು ಗುಡುಗಿದರೂ ಕೆಳಗಿನ ಊರು ಕದಲುವುದಿಲ್ಲ. ಬಿಸಿಲೇರಿದ ಮೇಲೆ ಕಪ್ಪು ಹೊಲಗಳಿಂದ ಬಿಸಿಗಾಳಿಯ ಕಂಬಗಳು ಏಳುತ್ತವೆ. ಹದ್ದುಗಳು ರೆಕ್ಕೆ ಬಡಿಯದೆ ಸುತ್ತು ಹಾಕತೊಡಗಿದವೆಂದರೆ ಹವ್ಯಾಸಿ ಇಳಿಯಬೇಕಾದ ಹೊತ್ತು ಆಯಿತೆಂದೇ ಲೆಕ್ಕ.

ನೆಲ ಬಿಡುವ ಗಳಿಗೆಯನ್ನು ಹತ್ತಿರದಿಂದ ನೋಡಬೇಕು. ರೆಕ್ಕೆಯನ್ನು ಬೆನ್ನ ಹಿಂದೆ ಬಿಲ್ಲಿನಾಕಾರಕ್ಕೆ ಹಾಸಿ, ದಾರಗಳನ್ನು ಒಂದೊಂದಾಗಿ ಬಿಡಿಸಿ, ಪೈಲಟ್ ನಟ್ಟನಡುವೆ ನಿಲ್ಲುತ್ತಾನೆ. ಮುಂದಿನ ದಾರಗಳ ಪಟ್ಟಿ ಎರಡೂ ಕೈಯಲ್ಲಿ, ಥ್ರಾಟಲ್ ಬಲಗೈ ಬೆರಳಲ್ಲಿ. ನಾಲ್ಕು ಹೆಜ್ಜೆ ಓಡುತ್ತಲೇ ಯಾರೋ ಹಿಂದಿನಿಂದ ಹಿಡಿದೆಳೆದ ಹಾಗೆ ಸೊಂಟ ಜಗ್ಗುತ್ತದೆ, ರೆಕ್ಕೆ ಏಳುತ್ತಿದೆ. ಜಗ್ಗು ಸಡಿಲವಾದ ಕ್ಷಣ ಅದು ನೆತ್ತಿಗೆ ಬಂದಿರುತ್ತದೆ. ಓಡುತ್ತಲೇ ಕತ್ತೆತ್ತಿ ನೋಡಬೇಕು. ಎಡಕ್ಕೆ ವಾಲಿದ್ದರೆ ಎಡಕ್ಕೇ ಓಡಿ ಅದರ ಅಡಿಗೆ ಬರಬೇಕು. ನೆಟ್ಟಗಿದ್ದರೆ ಪೂರ್ತಿ ಥ್ರಾಟಲ್. ಹೊಸಬರು ಎಡವುವುದು ಇಲ್ಲೇ. ಕಾಲು ಹಗುರಾಗುತ್ತಲೇ ಹಾರಿಬಿಟ್ಟೆನೆಂದು ಬೆಲ್ಟಿನ ಕುರ್ಚಿಗೆ ಕೂತುಬಿಡುತ್ತಾರೆ, ಪಂಖ ನೆಲಕ್ಕೆ ಬಡಿದು ಚೂರಾಗುತ್ತದೆ. ಪಳಗಿದವರು ಕಾಲಿಗೆ ನೆಲ ಸಿಗದೆ ಹೋದ ಮೇಲೂ ಗಾಳಿಯಲ್ಲಿ ಎರಡು ಹೆಜ್ಜೆ ಓಡುತ್ತಾರೆ. ಇದು ಕೈಗೂಡಲು ಎಂಜಿನ್ ಇಲ್ಲದೆ, ಬರೀ ರೆಕ್ಕೆಯನ್ನು ಗಾಳಿಯಲ್ಲಿ ನಿಲ್ಲಿಸುವ ಅಭ್ಯಾಸವನ್ನು ದಿನಗಟ್ಟಲೆ ಮಾಡಿರಬೇಕು. ನನಗೆ ಹಾರಾಟಕ್ಕಿಂತ ಚೆಂದ ಕಾಣುವುದು ಆ ಅಭ್ಯಾಸವೇ.

ಮೇಲೆ ಹೋದವರನ್ನು ಕಾಡುವುದು ತಂತಿ ಮತ್ತು ನೀರು. ಬೋರ್‌ವೆಲ್ ಪಂಪ್‌ಸೆಟ್ಟಿಗೆಂದು ಹೆಸ್ಕಾಂ ಎಳೆದ ತಂತಿಗಳು ಹೊಲದ ಬಣ್ಣದಲ್ಲಿ ಕರಗಿಹೋಗಿರುತ್ತವೆ. ಕಂಬ ಮಾತ್ರ ಕಾಣುತ್ತದೆ. ಹಾಗಾಗಿ ಸಾಲು ದಾಟುವಾಗ ಕಂಬದ ನೆತ್ತಿಯ ಮೇಲಿಂದಲೇ ದಾಟುವ ರೂಢಿ. ನೀರಂತೂ ಇನ್ನೂ ಕ್ರೂರಿ. 2020ರ ಅಕ್ಟೋಬರಿನಲ್ಲಿ ಕಾರವಾರದ ಟ್ಯಾಗೋರ್ ಕಡಲತೀರದ ಬಳಿ ಪ್ಯಾರಾಮೋಟರ್ ಸಮುದ್ರಕ್ಕೆ ಬಿದ್ದು ನೌಕಾಪಡೆಯ ಅಧಿಕಾರಿಯೊಬ್ಬರು ತೀರಿಕೊಂಡರು. ಬೆಲ್ಟು, ದಾರ, ಎಂಜಿನ್ನಿನ ಭಾರ ಸೇರಿದರೆ ಈಜು ಬಲ್ಲವನಿಗೂ ಉಸಿರು ಸಿಗುವುದಿಲ್ಲ. ಕೆರೆಗಳೇ ತುಂಬಿದ ಹಾನಗಲ್ ಸೀಮೆಯಲ್ಲಿ ನೀರಿನ ನಡುವೆ ಹಾರುವ ಹುಚ್ಚು ಬೇಡ. ದಂಡೆಗುಂಟ ಹಾರಿದರೂ ಅಷ್ಟೇ ಚೆಂದ ಕಾಣುತ್ತದೆ.

ಶಿಗ್ಗಾವಿ ಕಡೆಯವರು ಬಂಕಾಪುರದ ಕೋಟೆಯನ್ನು ದೂರದಿಂದಲೇ ನೋಡಬೇಕು, ಅದರೊಳಗೆ ನವಿಲುಧಾಮವಿದೆ. ಕೊಬ್ಬರಿ ಹೋರಿ ಬಿಡುವ ದಿನ ಅಖಾಡದ ಮೇಲೆ ಸುಳಿಯುವುದೂ ಬೇಡ. ಬೆದರಿದ ಹೋರಿ ಜನರ ಮೇಲೆಯೇ ನುಗ್ಗೀತು. ಕಾನೂನಿನ ಕಡೆಯಿಂದ, 2022ರ ರಾಷ್ಟ್ರೀಯ ವಾಯುಕ್ರೀಡಾ ನೀತಿ ಪ್ಯಾರಾಮೋಟರ್‌ಗೂ ಅನ್ವಯಿಸುತ್ತದೆ. ಹುಬ್ಬಳ್ಳಿ ವಿಮಾನ ನಿಲ್ದಾಣವೂ ಬಹಳ ದೂರವೇನಿಲ್ಲ. ಯಾವ ಆಕಾಶ ಯಾರ ಅಂಕೆಯಲ್ಲಿದೆ ಎಂದು ಮೊದಲೇ ವಿಚಾರಿಸಿ ಒಪ್ಪಿಗೆ ಪಡೆಯಬೇಕು.

ಇಳಿಯುವಾಗ ಎಂಜಿನ್ ಆರಿಸಿ, ಗಾಳಿಗೆದುರಾಗಿ ಬಂದು, ಎದೆಯೆತ್ತರಕ್ಕೆ ಬಂದಾಗ ಎರಡೂ ಕೈಯ ಬ್ರೇಕ್ ದಾರ ಎಳೆದರೆ ಕಾಲು ಮೆತ್ತಗೆ ಊರುತ್ತದೆ. ಮಡಚುವ ಮುಂಚೆ ಒಂದು ಕೆಲಸ ಬಾಕಿ. ಇಬ್ಬನಿಗೆ ನೆಂದ ಬಟ್ಟೆಯನ್ನು ನೆರಳಲ್ಲಿ ಒಣಗಿಸಬೇಕು. ಬಿಸಿಲು ನೈಲಾನನ್ನು ತಿನ್ನುತ್ತದೆ. ಆಮೇಲೆ ರೆಕ್ಕೆಯ ಬಾಯಿಗಳನ್ನು ಒಂದೊಂದಾಗಿ ಬಿಚ್ಚಿ ಒಳಗೆ ಇಣುಕಬೇಕು. ಹಿಂಗಾರಿ ಹೊಲದ ಮಿಡತೆಗಳು ಗೂಡುಗಳೊಳಗೆ ಸೇರಿಕೊಂಡಿರುತ್ತವೆ. ಒಂದನ್ನು ಒಳಗೇ ಮಡಚಿಟ್ಟರೂ ಸಾಕು, ಹೊರಗೆ ಬರಲು ದಾರಿ ಕಾಣದೆ ಬಟ್ಟೆಯನ್ನೇ ಕಡಿದು ತೂತು ಮಾಡುತ್ತದೆ.